ಒಂದು ಮೊಳ ಬಲಕ್ಕೆ

ಓರೆ ಬಂದ ದಿನ ನಾನು ನಡುಗಡ್ಡೆಯಲ್ಲಿ ಬಲೂನಿಗೆ ಗುಂಡು ಹೊಡೆಯುವ ನನ್ನ ಆಟದ ಅಂಗಡಿ ಬಿಚ್ಚುತ್ತಿದ್ದೆ. ರಜೆ ಕಳೆಯಲು ಬಂದವರನ್ನೆಲ್ಲ ಬಡೇಸಾಬ್ ಎರಡು ಸಲ ದೋಣಿಯಲ್ಲಿ ದಾಟಿಸಿ, ಉಳಿದ ನಮ್ಮ ಮೂವರಿಗಾಗಿ ತಿರುಗಿ ಬರುತ್ತಿದ್ದ. ನಾನು ಹಲಗೆಯನ್ನು ಹೆಗಲಿಗೇರಿಸಿಕೊಂಡು ಹೊಳೆಯ ಕಡೆ ನೋಡಿದೆ. ನೋಡುತ್ತಿದ್ದಂತೆಯೇ ಆಚೆ ದಡದ ಮೆಟ್ಟಿಲು, ನಡುವಿನ ಬಂಡೆಗಳು, ದೋಣಿ, ದೋಣಿಯೊಳಗಿನ ಬಡೇಸಾಬ್, ಎಲ್ಲವೂ ಸದ್ದಿಲ್ಲದೆ ಒಂದು ಮೊಳ ಎಡಕ್ಕೆ ಸರಿದು ನಿಂತವು. ಬಡೇಸಾಬನಿಗೂ ಗೊತ್ತಾಯಿತು. ಹುಟ್ಟನ್ನು ಮೇಲೆತ್ತಿ ನಮ್ಮ ಕಡೆ ಎರಡು ಸಲ ಆಡಿಸಿದ. ಬಂಡೆಗಳ ಸಾಲಿಗೆ ಇನ್ನೂ ಬಂದಿರದ ದೋಣಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ಹೊರಟುಹೋದ.

ಅವನನ್ನು ಬೈಯುವ ಹಾಗಿರಲಿಲ್ಲ. ಕಂಡ ಬಂಡೆಯನ್ನು ತಪ್ಪಿಸಲು ಹೋಗಿ ಇದ್ದ ಬಂಡೆಗೆ ದೋಣಿ ಬಡಿಸಿ ಮುಳುಗಿದವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೇ ಓರೆ ಇರುವಷ್ಟು ದಿನ ದೋಣಿ ಬಿಡುವಂತಿಲ್ಲ. ಓರೆ ಹೋಯಿತೆಂದು ಖಾತ್ರಿಯಾದ ಮೇಲೆ ಊರಿನ ದಡದವರು ಗಳಕ್ಕೆ ಬಿಳಿ ಬಟ್ಟೆ ಏರಿಸಬೇಕು, ಗಡ್ಡೆಯಲ್ಲಿ ಸಿಕ್ಕಿಕೊಂಡವರು ತಮ್ಮ ಗಳಕ್ಕೆ ಏರಿಸಬೇಕು. ಎರಡೂ ಕಡೆ ಓರೆ ಒಂದೇ ದಿನ ಬಿಡುತ್ತದೆಂದು ಹೇಳುವಂತಿಲ್ಲವಲ್ಲ. ಎರಡು ಬಟ್ಟೆ ಹಾರುವ ತನಕ ಬಡೇಸಾಬನೂ ಹಗ್ಗ ಬಿಚ್ಚುವುದಿಲ್ಲ, ಅವನ ಅಪ್ಪನೂ ಬಿಚ್ಚುತ್ತಿರಲಿಲ್ಲ.

ಓರೆ ನಮಗೆ ಹೊಸದೇನಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತದೆ, ಎರಡು ಮೂರು ದಿನವಿದ್ದು ಹೋಗುತ್ತದೆ. ಅಷ್ಟು ದಿನ ಕೈಗೆಟುಕದ್ದೆಲ್ಲ ಇದ್ದ ಜಾಗದಿಂದ ಒಂದು ಮೊಳ ಎಡಕ್ಕೆ ಕಾಣುತ್ತದೆ. ಕೈಯಲ್ಲಿ ಹಿಡಿದ ಲೋಟ ಕೈಯಲ್ಲೇ ಇರುತ್ತದೆ, ಅಂಗಳದಾಚೆಯ ಬಾವಿಗಟ್ಟೆ ಮಾತ್ರ ಸರಿದಿರುತ್ತದೆ. ಮೊದಲ ದಿನ ಎಲ್ಲರ ಮೊಣಕಾಲೂ ತರಚುತ್ತದೆ. ಎರಡನೆಯ ದಿನದ ಹೊತ್ತಿಗೆ ಕಾಲು ತಾನಾಗಿ ಬಲಕ್ಕೆ ಸರಿದು ನಡೆಯುವುದನ್ನು ಕಲಿತುಬಿಡುತ್ತದೆ. ಮದುವೆ ಮನೆಯಲ್ಲಿ ಊರಿನವರು ಅಕ್ಷತೆಯನ್ನು ಒಂದು ಮೊಳ ಬಲಕ್ಕೆಸೆದು ಸರಿಯಾಗಿ ವಧೂವರರ ತಲೆಗೆ ಬೀಳಿಸುತ್ತಾರೆ, ಪರವೂರಿನ ಬೀಗರು ಕಂಡಲ್ಲಿಗೆ ಎಸೆದು ಪುರೋಹಿತರ ಕಣ್ಣಿಗೆ ಹಾಕುತ್ತಾರೆ. ಯಾರಾದರೂ ಬೆರಳು ತೋರಿಸಿ "ನಿನ್ನ ಎಮ್ಮೆ ಅಗೋ ಅಲ್ಲೈತೆ" ಎಂದರೆ, ಕೇಳಿದವನು ಮೊದಲು "ಕಂಡದ್ದೋ, ಇದ್ದದ್ದೋ?" ಎಂದು ಕೇಳಬೇಕು. ಹೇಳಿದವನು ತಿದ್ದಿ ಹೇಳಿದ್ದನ್ನು ಕೇಳಿದವನು ಮತ್ತೊಮ್ಮೆ ತಿದ್ದಿಕೊಂಡರೆ ಎಮ್ಮೆ ಸಿಕ್ಕುವುದಿಲ್ಲ, ಜಗಳ ಸಿಕ್ಕುತ್ತದೆ.

ನನ್ನ ಗಾಳಿ ಬಂದೂಕಿನ ವಿಷಯವನ್ನೂ ಈಗಲೇ ಹೇಳಿಬಿಡುವುದು ವಾಸಿ. ಅದರ ನಳಿಗೆ ಬಗ್ಗಿದೆ. ಬರಿಗಣ್ಣಿಗೆ ತಿಳಿಯುವುದಿಲ್ಲ, ಆದರೆ ಗುಂಡು ಎಂಟು ಹೆಜ್ಜೆ ಹೋಗುವಷ್ಟರಲ್ಲಿ ನಾಲ್ಕು ಬೆರಳು ಬಲಕ್ಕೆ ಸರಿದಿರುತ್ತದೆ. ನನಗೆ ಅಂಗಡಿ ಬಿಟ್ಟುಕೊಟ್ಟ ಮುದುಕ ಬಂದೂಕನ್ನು ಕೈಗಿಡುವಾಗಲೇ, "ಬಲೂನು ಒಡೀಬೇಕಾದ್ರೆ ಅದರ ಎಡಗಡೆ ಸಂದಿಗೆ ಗುರಿ ಇಡು, ಯಾರ್ಗೂ ಹೇಳಬ್ಯಾಡ" ಎಂದಿದ್ದ. ಬೇರೆ ಊರಾಗಿದ್ದರೆ ಇಂಥ ಬಂದೂಕಿಟ್ಟವನಿಗೆ ಜನ ಎಂದೋ ಧರ್ಮದೇಟು ಕೊಟ್ಟಿರುತ್ತಿದ್ದರು. ನಮ್ಮೂರಲ್ಲಿ ಗುರಿ ತಪ್ಪಿದವನು ಬಂದೂಕನ್ನು ಅನುಮಾನಿಸುವುದಿಲ್ಲ. ಕಣ್ಣುಜ್ಜಿಕೊಂಡು, "ಹೋದ ತಿಂಗಳ ಓರೆ ನಂಗಿನ್ನೂ ಪೂರ್ತಿ ಬಿಟ್ಟಿಲ್ಲ ಕಣೋ" ಎಂದು ಪಕ್ಕದವನಿಗೆ ಹೇಳಿ ಹೊರಟುಹೋಗುತ್ತಾನೆ. ನಾನು ಮಾತ್ರ ಒಂದೂ ತಪ್ಪದಂತೆ ಹೊಡೆದು ತೋರಿಸುತ್ತಿದ್ದೆ. ಹಾಗಾಗಿ ನಾನು ಗುರಿಕಾರ ಹೊನ್ನೂರಪ್ಪ ಎನಿಸಿಕೊಂಡೆ. ಈರಕ್ಕ ನನ್ನನ್ನು ಒಪ್ಪಿದ್ದೂ ಆ ಗುರಿಯನ್ನು ನೋಡಿಯೇ. ಅಂಗಡಿಗೆ ಬಂದಿದ್ದ ಅವಳ ಕೈಬಳೆಯೊಂದನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟು, ಬಳೆ ಒಡೆಯದಂತೆ ನಡುವೆ ಗುಂಡು ಹಾಯಿಸಿದ್ದೆ. ಮಾರನೆಯ ವಾರವೇ ಅವರಪ್ಪ ನಮ್ಮ ಮನೆಗೆ ಬಂದಿದ್ದರು. ಮದುವೆಯಾಗಿ ಮೂರು ವರ್ಷವಾದರೂ ನಳಿಗೆಯ ವಿಷಯವನ್ನು ಅವಳಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಗಡ್ಡೆಯಲ್ಲಿ ಉಳಿದ ಮೂವರಲ್ಲಿ ನಾನೊಬ್ಬ, ಈರಕ್ಕ ಒಬ್ಬಳು. ಅವಳಿಗೆ ಆರು ತಿಂಗಳು ತುಂಬಿತ್ತು. ಮನೆಯಲ್ಲಿ ಕೂತು ಕೂತು ಬೇಜಾರು, ಹೊಳೆಯಲ್ಲಿ ಒಂದಿಷ್ಟು ಹೊತ್ತು ಕಾಲು ಇಳಿಬಿಟ್ಟು ಕೂರುತ್ತೇನೆ ಎಂದು ಹಟ ಹಿಡಿದು ಆವತ್ತು ನನ್ನ ಜೊತೆ ಬಂದಿದ್ದಳು. ಮೂರನೆಯವರು ಮೋಜಣಿ ವಾದಿರಾಜರು. ಜಮೀನು ಅಳೆಯುವ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಸರಪಳಿ, ಅಳತೆಕೋಲು ಬಿಟ್ಟವರಲ್ಲ. ಈ ಗಡ್ಡೆಯನ್ನು ಅವರು ಮೂವತ್ತು ಸಲ ಅಳೆದಿದ್ದರು, ಮೂವತ್ತು ಸಲವೂ ಬೇರೆ ಬೇರೆ ಅಳತೆ ಬಂದಿತ್ತು. ಮೂವತ್ತೊಂದನೆಯ ಸಲಕ್ಕೆ ಬಂದಿದ್ದರು. ಊರಲ್ಲಿ ಓರೆ ಬಂದದ್ದನ್ನೂ ಹೋದದ್ದನ್ನೂ ಸಾರುವ ಅಧಿಕಾರ ಮೊದಲಿನಿಂದಲೂ ಮೋಜಣಿಯವರದು, ಹಾಗಾಗಿ ಅವರು ಜೊತೆಗಿದ್ದದ್ದು ನಮ್ಮ ಪುಣ್ಯ ಎಂದೇ ನಾವಿಬ್ಬರೂ ತಿಳಿದೆವು.

ಗಡ್ಡೆಯ ನಡುವೆ ಒಂದು ಕಲ್ಲಿನ ಮಂಟಪವಿದೆ. ಓರೆಗೆ ಸಿಕ್ಕಿಕೊಂಡವರಿಗೆಂದು ಊರಿನವರು ಅಲ್ಲೊಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಅಕ್ಕಿ, ಉಪ್ಪು, ಬೆಂಕಿಪೊಟ್ಟಣ, ಒಂದು ಪಾತ್ರೆ ಇಟ್ಟಿರುತ್ತಾರೆ. ಮೂರು ದಿನಕ್ಕೆ ಸಾಕಾಗುವ ಅಕ್ಕಿಯನ್ನು ನಾವು ನಾಲ್ಕು ದಿನ ಎಳೆದೆವು. ವಾದಿರಾಜರು ಪ್ರತಿದಿನ ಬೆಳಿಗ್ಗೆ ಸ್ನಾನ ಮುಗಿಸಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಎಂದರೆ ಇಷ್ಟೇ: ಕೋಲನ್ನು ನೆಟ್ಟು, ಹತ್ತು ಹೆಜ್ಜೆ ಹಿಂದೆ ನಿಂತು, ಅದು ಎಲ್ಲಿ ಕಾಣುತ್ತದೋ ನೋಡಿಕೊಂಡು, ಕಣ್ಣು ಮುಚ್ಚಿ ಅಲ್ಲಿಗೆ ನೆಟ್ಟಗೆ ನಡೆದು ಕೈ ಚಾಚುವುದು. ಕೋಲು ಕೈಗೆ ತಾಕಿದರೆ ಓರೆ ಹೋಗಿದೆ, ತಾಕದಿದ್ದರೆ ಇದೆ. ಎರಡು ಮೂರು ದಿನಕ್ಕೆ ಹೋಗಬೇಕಾದ ಓರೆ ಈ ಸಲ ಹೋಗಲಿಲ್ಲ, ನಾಲ್ಕು ದಿನವೂ ಕೋಲು ತಾಕಲಿಲ್ಲ. ಐದನೆಯ ದಿನವೂ ತಾಕದಿದ್ದಾಗ ಈರಕ್ಕ ನನ್ನ ಕಡೆ ತಿರುಗಿದಳು.

"ಗುರಿಕಾರ ಅಂತ ಹೆಸರಿಟ್ಕಂಡು ಹಿಂಗೆ ಕುಂತ್ರೆ ಹೆಂಗೆ? ಬಂಡೆ ಮೇಲೆ ಅಷ್ಟು ಪಾರಿವಾಳ ಅವೆ. ಎದ್ದೇಳು."

ನನ್ನ ಡಬ್ಬಿಯಲ್ಲಿ ಉಳಿದಿದ್ದದ್ದು ಹದಿನೆಂಟು ಗುಂಡು. ಪಾರಿವಾಳದ ಬಂಡೆ ನಲವತ್ತು ಹೆಜ್ಜೆ ದೂರ. ಅದಕ್ಕಿಂತ ಹತ್ತಿರ ಹೋದರೆ ಹಕ್ಕಿಗಳು ಹಾರುತ್ತವೆ. ನಾನು ಜನ್ಮದಲ್ಲಿ ಎಂಟು ಹೆಜ್ಜೆಗಿಂತ ದೂರಕ್ಕೆ ಗುಂಡು ಹೊಡೆದವನಲ್ಲ. ಬೆವರು ಒರೆಸಿಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂಟು ಹೆಜ್ಜೆಗೆ ನಾಲ್ಕು ಬೆರಳು ಬಲಕ್ಕೆ ಹೋಗುವ ಗುಂಡು ನಲವತ್ತು ಹೆಜ್ಜೆಗೆ ಹೆಚ್ಚುಕಡಿಮೆ ಒಂದು ಮೊಳ ಬಲಕ್ಕೆ ಹೋಗುತ್ತದೆ. ಹಕ್ಕಿಯೂ ಕಂಡಲ್ಲಿಂದ ಒಂದು ಮೊಳ ಬಲಕ್ಕೇ ಇದೆ. ಅಂದರೆ ನಾನೇನೂ ತಿದ್ದಬೇಕಾಗಿಲ್ಲ! ಬಂದೂಕಿನ ಸುಳ್ಳು, ಓರೆಯ ಸುಳ್ಳು ಎರಡೂ ಒಂದೇ ಅಳತೆಯವು. ಕಂಡ ಪಾರಿವಾಳಕ್ಕೇ ನೇರ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ. ಪಟ್ ಎಂದಿತು. ಇದ್ದ ಪಾರಿವಾಳ ಬಿತ್ತು.

ಈರಕ್ಕ ಚಪ್ಪಾಳೆ ತಟ್ಟಿದಳು. "ಒಂದು ಮೊಳ ಬಲಕ್ಕೆ ಹಿಡಿದೆ ಅಲ್ಲವೇನಯ್ಯಾ?" ಎಂದು ವಾದಿರಾಜರು ಕೇಳಿದರು. "ಹೌದು ಸ್ವಾಮಿ, ಒಂದು ಮೊಳ ಬಲಕ್ಕೆ" ಎಂದು ಸುಳ್ಳು ಹೇಳಿದೆ. ಆ ಒಂದು ಸುಳ್ಳು ನಮ್ಮ ಮೂವರ, ಮೂವರಲ್ಲ ನಾಲ್ವರ, ಪ್ರಾಣಕ್ಕೇ ಬರುತ್ತದೆಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಒಂಬತ್ತನೆಯ ದಿನದ ತನಕ ನಮ್ಮದು ಅಂಥ ಕೆಟ್ಟ ಬಾಳೇನೂ ಆಗಿರಲಿಲ್ಲ. ಒಂಬತ್ತು ಗುಂಡಿಗೆ ಏಳು ಹಕ್ಕಿ ಬಿದ್ದವು. ಈರಕ್ಕ ಅವನ್ನು ಉಪ್ಪುನೀರಲ್ಲಿ ಬೇಯಿಸುತ್ತಿದ್ದಳು. ವಾದಿರಾಜರು ಹಕ್ಕಿ ಬೇಯತೊಡಗಿದ ಮೊದಲೆರಡು ದಿನ ಗಡ್ಡೆಯ ಅಂಚಿನ ಹೊನಗೊನೆ ಸೊಪ್ಪನ್ನೇ ಬೇಯಿಸಿ ತಿಂದರು. ಮೂರನೆಯ ದಿನ ನಾವು ಉಣ್ಣುವಾಗ ಬೆನ್ನು ತಿರುಗಿಸಿ ಕೂತು, ಹಿಂದಕ್ಕೆ ಕೈ ಚಾಚಿ ದೊನ್ನೆ ಹಿಡಿದರು. "ತಿಳಿಯಷ್ಟೇ ಹಾಕಮ್ಮ. ಏನು ಎತ್ತ ಅಂತ ಹೇಳಬೇಡ. ನಾನು ಕಂಡಿಲ್ಲ" ಎಂದರು. "ಕಾಣದಿದ್ರೂ ಐತೆ, ಬುದ್ಧಿ" ಎಂದು ನಗುತ್ತಾ ಈರಕ್ಕ ಬಡಿಸಿದಳು.

ಹತ್ತನೆಯ ದಿನ ಬೆಳಿಗ್ಗೆ ಆಚೆ ದಡದ ಗಳದ ಮೇಲೆ ಬಿಳಿ ಬಟ್ಟೆ ಕಾಣಿಸಿತು. ಊರಿಗೆ ಓರೆ ಬಿಟ್ಟಿತ್ತು. ದಡದಲ್ಲಿ ಜನ ಸೇರಿದ್ದರು, ಯಾರೋ ಕೈ ಬೀಸುತ್ತಿದ್ದರು, ಕೂಗುತ್ತಲೂ ಇದ್ದರೇನೋ, ಹೊಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ವಾದಿರಾಜರು ಅವಸರವಾಗಿ ಕೋಲು ನೆಟ್ಟು, ಹಿಂದೆ ನಿಂತು, ಕಣ್ಣು ಮುಚ್ಚಿ ನಡೆದು ಕೈ ಚಾಚಿದರು. ಕೈ ಬರೀ ಗಾಳಿಯಲ್ಲಿ ಆಡಿತು. "ಇಲ್ಲ. ಇಲ್ಲಿ ಇನ್ನೂ ಬಿಟ್ಟಿಲ್ಲ" ಎಂದು ಕೋಲು ಕಿತ್ತರು. ಅವರ ಮುಖ ಸಣ್ಣಗಾಗಿತ್ತು.

ಅವತ್ತಿನಿಂದಲೇ ಎಲ್ಲ ಎಡವಟ್ಟಾಗತೊಡಗಿತು. ಎಂಟು ದಿನ ಯಾವುದಕ್ಕೂ ತಾಗದೆ ಓಡಾಡಿಕೊಂಡಿದ್ದ ಈರಕ್ಕ ಮಂಟಪದ ಕಂಬಕ್ಕೆ ಭುಜ ಹೊಡೆಸಿಕೊಂಡಳು. ನಾನು ನೀರು ತರಲು ಹೋಗಿ, ಕಾಲು ಕಲ್ಲಿಗೆ ಬಡಿದು ಹೆಬ್ಬೆರಳಿನ ಉಗುರು ಹಾರಿಸಿಕೊಂಡೆ. ವಾದಿರಾಜರು ಕೂರಲು ಹೋಗಿ ಕಟ್ಟೆ ತಪ್ಪಿ ನೆಲಕ್ಕೆ ಕೂತರು. "ಓರೆ ಜಾಸ್ತಿ ಆಗೈತೆ ಅನ್ಸುತ್ತೆ" ಎಂದು ಭುಜ ತಿಕ್ಕಿಕೊಳ್ಳುತ್ತಾ ಈರಕ್ಕ ಹೇಳಿದಳು. ವಾದಿರಾಜರು ಗಂಭೀರವಾಗಿ ತಲೆಯಾಡಿಸಿದರು. "ಒಂದು ಮೊಳ ಇದ್ದದ್ದು ಎರಡಾಗಿದೆ. ನನ್ನ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ."

ನಾನು ಬಂದೂಕು ತಗೊಂಡು ಹೋಗಿ, ಎಂದಿನಂತೆ ಕಂಡ ಹಕ್ಕಿಗೆ ನೇರ ಗುರಿಯಿಟ್ಟು ಹೊಡೆದೆ. ಹಕ್ಕಿ ಹಾರಿಹೋಯಿತು. ಮತ್ತೊಂದಕ್ಕೆ ಹೊಡೆದೆ. ಅದೂ ಹಾರಿತು. ಆ ಸಣ್ಣ ಸೀಸದ ಗುಂಡು ಅಷ್ಟು ದೂರದಲ್ಲಿ ಎಲ್ಲಿ ತಾಗಿತು, ಎಡಕ್ಕೆ ಹೋಯಿತೋ ಬಲಕ್ಕೋ, ಒಂದೂ ಕಾಣಲಿಲ್ಲ. ವಾದಿರಾಜರು ಹಿಂದಿನಿಂದ ಕೂಗಿದರು. "ಎರಡು ಮೊಳ ಹಿಡಿಯಯ್ಯಾ ಬಲಕ್ಕೆ! ಇನ್ನೂ ಒಂದರಲ್ಲೇ ಇದ್ದೀಯಲ್ಲ!" ನಾನು ಎರಡರಲ್ಲಿ ಬಂದೂಕಿನ ಒಂದನ್ನು ಗುಟ್ಟಾಗಿ ಕಳೆದು, ಒಂದು ಮೊಳ ಬಲಕ್ಕೆ ಹಿಡಿದು ಹೊಡೆದೆ. ತಪ್ಪಿತು. ಮಾರನೆಯ ದಿನ ಅವರು ಎರಡೂವರೆ ಎಂದರು. ನಾನು ಒಂದೂವರೆ ಹಿಡಿದೆ. ತಪ್ಪಿತು. ಅದರ ಮಾರನೆಯ ದಿನ ಅವರಿಗೆ ಸಿಟ್ಟು ಬಂತು. "ನಾನು ಹೇಳೋದು ಇದ್ದದ್ದು. ನೀನು ಅದನ್ನು ಕಂಡದ್ದು ಅಂದುಕೊಂಡು ಮತ್ತೆ ತಿದ್ದುತ್ತಾ ಇದ್ದೀಯ!" "ಇಲ್ಲ ಸ್ವಾಮಿ, ನೀವು ಹೇಳಿದಂಗೇ ಹಿಡೀತಿದೀನಿ!" ಎಂದು ನಾನೂ ಕೂಗಿದೆ. ನಾನು ಏನು ಹಿಡಿಯುತ್ತಿದ್ದೆ, ಅವರು ಏನು ಹೇಳುತ್ತಿದ್ದರು, ಯಾವುದರಲ್ಲಿ ಯಾವುದನ್ನು ಕಳೆಯುತ್ತಿದ್ದೆ ಎನ್ನುವುದು ಆ ಹೊತ್ತಿಗೆ ನನಗೇ ಕಲಸುಮೇಲೋಗರವಾಗಿತ್ತು. ಹಸಿವಿಗೆ ತಲೆ 'ಧಿಂ' ಎನ್ನುತ್ತಿತ್ತು. ಎಡ ಯಾವುದು, ಬಲ ಯಾವುದು ಎಂದು ಕೈಯ ಮಚ್ಚೆ ನೋಡಿಕೊಂಡು ತಿಳಿಯಬೇಕಾಗಿತ್ತು.

ಒಳಗೊಳಗೆ ನನಗೆ ಅನುಮಾನವಿದ್ದದ್ದು ಬಂದೂಕಿನ ಮೇಲೆ. ಇಬ್ಬನಿಗೆ ನಳಿಗೆ ಇನ್ನಷ್ಟು ಬಗ್ಗಿತೇನೋ ಎಂದುಕೊಂಡೆ. ಹಾಗೆಂದು ಹೇಳಬೇಕಾದರೆ ಮೊದಲಿನಿಂದಲೂ ಬಗ್ಗಿತ್ತು ಎಂದು ಹೇಳಬೇಕಾಗುತ್ತಿತ್ತು. ಈರಕ್ಕ ಮಂಟಪದ ಗೋಡೆಗೊರಗಿ ನನ್ನನ್ನೇ ನೋಡುತ್ತಿರುತ್ತಿದ್ದಳು. ಪ್ರತಿ ಸಲ ಪಟ್ ಎಂದಾಗಲೂ ಅವಳ ಕಣ್ಣು ಬಂಡೆಯ ಕಡೆ ಹೋಗುತ್ತಿರಲಿಲ್ಲ, ನನ್ನ ಕಡೆ ಬರುತ್ತಿತ್ತು. ಆ ಕಣ್ಣೆದುರಿಗೆ ನನಗೆ ನಿಜ ಹೇಳಲಾಗಲಿಲ್ಲ. ನಾಚಿಕೆಯೆಂದರೆ ನಾಚಿಕೆ. ಹೆಂಡತಿ ಉಪವಾಸವಿದ್ದಾಳೆ ಎನ್ನುವುದಕ್ಕಿಂತ ಹೆಂಡತಿಯ ಕಣ್ಣಲ್ಲಿ ಸಣ್ಣವನಾಗುತ್ತೇನೆ ಎನ್ನುವುದೇ ನನಗೆ ದೊಡ್ಡದಾಗಿತ್ತು. ಇವತ್ತು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದಳು. ಸೊಪ್ಪಿನ ನೀರು ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳು. "ಬೆಳಿಗ್ಗೆಯಿಂದ ಒದ್ದಿಲ್ಲ" ಎಂದಳು.

"ಯಾರು?"

"ಯಾರು ಅಂದ್ರೆ? ಇದು." ಕೈಯನ್ನು ಹೊಟ್ಟೆಯ ಮೇಲಿಟ್ಟಳು. "ದಿನಾ ಸ್ನಾನದ ಹೊತ್ತಿಗೆ ಒದೀತಿತ್ತು. ಇವತ್ತು ಸುಮ್ಕೆ ಐತೆ."

ನಾನು ಅವಳ ಹೊಟ್ಟೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ. ಮಲಗಿರಬೇಕು ಎಂದೆ. "ಮಲಗಿದ್ರೆ ಮಲಗ್ಲಿ" ಎಂದು ಅವಳು ಅತ್ತ ತಿರುಗಿ ಮಲಗಿದಳು. ಹದಿಮೂರನೆಯ ದಿನವೂ ಒದೆಯಲಿಲ್ಲ. ಅವತ್ತು ನಾನು ಮೂರು ಗುಂಡು ಹೊಡೆದೆ, ಮೂರೂ ತಪ್ಪಿದವು. ಡಬ್ಬಿಯನ್ನು ಅಲುಗಾಡಿಸಿದರೆ ಒಂದೇ ಒಂದು ಗುಂಡಿನ ಸದ್ದು ಬಂತು. ಆಚೆ ದಡದಲ್ಲಿ ಬಿಳಿ ಬಟ್ಟೆ ಹಾರುತ್ತಲೇ ಇತ್ತು. ಬೆಳಿಗ್ಗೆ ವಾದಿರಾಜರು ಕೋಲು ನೆಟ್ಟು ನಡೆದಿದ್ದರು, ಕೈಗೆ ಗಾಳಿಯೇ ಸಿಕ್ಕಿತ್ತು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಕೊನೆಯ ಗುಂಡನ್ನು ತುಂಬಿ ಬಂಡೆಯ ಕಡೆ ಹೊರಟಾಗ ಈರಕ್ಕ ಗೋಡೆ ಹಿಡಿದು ಎದ್ದು ನಿಂತಳು. "ನಿಲ್ಲು" ಎಂದಳು. "ಸುಮ್ನೆ ಹೊಡೀಬ್ಯಾಡ. ಇಷ್ಟು ದಿನ ಹೊಡೆದವು ಎಲ್ಲಿಗೆ ಹೋದ್ವು ನೋಡ್ಕಂಡು ಬನ್ರಿ. ಕಣ್ಣಿಂದ ಅಲ್ಲ, ಕೈಯಿಂದ. ಕೈಗೆ ಸಿಕ್ಕಿದ್ದು ಓರೆ ಆಗಲ್ಲವಲ್ಲ?"

ವಾದಿರಾಜರೂ ನಾನೂ ಮುಖ ಮುಖ ನೋಡಿಕೊಂಡೆವು. ಇಷ್ಟು ಸಣ್ಣ ಮಾತು ಓದು ಬಲ್ಲ ಅವರಿಗೂ ಹೊಳೆದಿರಲಿಲ್ಲ, ಬಂದೂಕು ಹಿಡಿದ ನನಗೂ ಹೊಳೆದಿರಲಿಲ್ಲ. ಇಬ್ಬರೂ ಸರಪಳಿ ಹಿಡಿದುಕೊಂಡು ಬಂಡೆಗೆ ಹೋದೆವು. ಹಕ್ಕಿಗಳು ಹಾರಿ ನೆತ್ತಿಯ ಮೇಲೆ ಸುತ್ತಿದವು. ಹಕ್ಕಿಗಳು ಕೂರುವ ಬಿಳಿಬಿಳಿಯಾದ ಗೂಡಿನ ಹತ್ತಿರ ಬಂಡೆಗೆ ಮೈತಾಗಿಸಿ ನಿಂತು ವಾದಿರಾಜರು ಬೆರಳಿನಿಂದ ಕಲ್ಲನ್ನು ಸವರತೊಡಗಿದರು. ಗೂಡಿನ ಸುತ್ತ ಸೀಸ ಉಜ್ಜಿದ ಹಳೆಯ ಗುರುತುಗಳಿದ್ದವು. ಅವು ಹಕ್ಕಿ ಬಿದ್ದ ದಿನಗಳವು. ಸವರುತ್ತಾ ಬಲಕ್ಕೆ ಹೋದರು. ಒಂದು ಮೊಳ ಬಲಕ್ಕೆ ಎರಡು ಹೊಸ ಗುರುತು ಸಿಕ್ಕಿದವು. ಎರಡು ಮೊಳದಲ್ಲಿ, ಎರಡೂವರೆ ಮೊಳದಲ್ಲಿ ಉಳಿದವು. ಎಡಕ್ಕೆ ಒಂದೂ ಇರಲಿಲ್ಲ.

ಅವರು ಒಂದು ಮೊಳದ ಗುರುತುಗಳ ಮೇಲೆ ಬೆರಳಿಟ್ಟು ನಿಂತರು. "ಇವು ಹತ್ತನೆಯ ದಿನದ ಮೊದಲೆರಡು ಅಲ್ಲವೇ? ಆಗ ಎಲ್ಲಿಗೆ ಗುರಿ ಹಿಡಿದಿದ್ದೆ? ನಿಜ ಹೇಳಯ್ಯಾ."

"ಕಂಡ ಹಕ್ಕಿಗೇ."

"ಬಲಕ್ಕೆ ತಿದ್ದದೆ?"

"ತಿದ್ದದೆ."

"ಹಾಗಿದ್ದರೆ ಓರೆಯಲ್ಲಿ ಗುಂಡು ಹಕ್ಕಿಯ ಎಡಕ್ಕೆ ಬೀಳಬೇಕು. ಬಲಕ್ಕೆ ಹೇಗೆ ಬಿತ್ತು?"

ಈರಕ್ಕ ಹಿಂದಿನಿಂದ ಒಂದೊಂದೇ ಹೆಜ್ಜೆ ಇಟ್ಟು ಬಂಡೆಯ ತನಕ ಬಂದಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಒಂದು ಕೈ ಹೊಟ್ಟೆಯ ಕೆಳಗಿತ್ತು, ಭಾರ ಹೊತ್ತವರ ಹಾಗೆ. ಅವಳನ್ನು ನೋಡಿದ ಮೇಲೆ ನನ್ನ ನಾಲಿಗೆ ಬಿಚ್ಚಿತು. "ನಳಿಗೆ ಬಗ್ಗೈತೆ ಸ್ವಾಮಿ. ಮೊದ್ಲಿಂದ್ಲೂ. ಇಷ್ಟು ದೂರಕ್ಕೆ ಗುಂಡು ಒಂದು ಮೊಳ ಬಲಕ್ಕೆ ಹೋಗ್ತೈತೆ. ಅದು ಮೋಸದ ಬಂದೂಕು. ನಾನು ಗುರಿಕಾರನಲ್ಲ, ಏನೂ ಅಲ್ಲ. ಬಲೂನಿನ ಎಡಕ್ಕೆ ಹಿಡೀಬೇಕು ಅಂತ ಗೊತ್ತಿತ್ತು, ಅಷ್ಟೇ."

ವಾದಿರಾಜರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬಂಡೆಯ ಮೇಲಿನ ಬೆರಳನ್ನು ತೆಗೆಯದೆ ತಮ್ಮಷ್ಟಕ್ಕೆ ಮಾತಾಡಿಕೊಂಡರು. "ಓರೆ ಎಡಕ್ಕೆ ತೋರಿಸುತ್ತೆ, ಬಂದೂಕು ಬಲಕ್ಕೆ ಎಸೆಯುತ್ತೆ. ಎರಡೂ ಇದ್ದಾಗ ಹಕ್ಕಿ ಬಿತ್ತು. ಸರಿ. ಆಮೇಲೆ ಗುಂಡು ಬಲಕ್ಕೆ ಒಂದು ಮೊಳ ಬಿತ್ತು. ಅದು ಬಂದೂಕಿನ ಒಂದು ಮೊಳ. ಹಾಗಾದರೆ," ಎಂದು ನಿಲ್ಲಿಸಿದರು. "ಹಾಗಾದರೆ ಓರೆಯ ಒಂದು ಮೊಳ ಎಲ್ಲಿ ಹೋಯಿತು?"

ನನಗೆ ಅರ್ಥವಾಗಲಿಲ್ಲ. ಈರಕ್ಕನಿಗೆ ಆಯಿತು. "ಓರೆ ಇಲ್ಲ" ಎಂದಳು. "ಹತ್ತನೇ ದಿನ ನಾವು ಏಳೋದ್ರೊಳಗೇ ಹೋಗೈತೆ."

"ಪರೀಕ್ಷೆ ಮಾಡಿದ್ದೀನಮ್ಮ, ದಿನಾ ಮಾಡಿದ್ದೀನಿ" ಎಂದು ವಾದಿರಾಜರು ಅಲ್ಲೇ ಕೋಲು ನೆಟ್ಟರು. ಹತ್ತು ಹೆಜ್ಜೆ ಹಿಂದೆ ಹೋಗಿ ಕಣ್ಣು ಮುಚ್ಚಿ ನಡೆದರು. ಈ ಸಲ ನಾವಿಬ್ಬರೂ ಕೋಲನ್ನು ಬಿಟ್ಟು ಅವರ ಕಾಲನ್ನು ನೋಡುತ್ತಿದ್ದೆವು. ಮೊದಲ ಎರಡು ಹೆಜ್ಜೆ ನೆಟ್ಟಗೆ ಬಿದ್ದವು. ಮೂರನೆಯದು ಬಲಕ್ಕೆ ಸರಿಯಿತು, ನಾಲ್ಕನೆಯದು ಇನ್ನಷ್ಟು. ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಓರೆಯಿದ್ದಾಗ ಪರೀಕ್ಷೆಗೆಂದು ಎಚ್ಚರವಿಟ್ಟು ನೆಟ್ಟಗೆ ನಡೆದಿದ್ದ ಕಾಲು, ಬಿಳಿ ಬಟ್ಟೆ ಕಂಡ ದಿನದ ಅವಸರದಿಂದೀಚೆಗೆ ಓರೆಯಲ್ಲಿ ಕಲಿತ ಅಭ್ಯಾಸಕ್ಕೆ ಬಿದ್ದು, ಓರೆ ಹೋದ ಮೇಲೂ ತಿದ್ದಿಕೊಂಡೇ ನಡೆಯುತ್ತಿತ್ತು. ಕೋಲಿನಿಂದ ಒಂದು ಮೊಳ ಬಲಕ್ಕೆ ನಿಂತು ಅವರು ಕೈ ಚಾಚಿದರು. ಗಾಳಿ ಸಿಕ್ಕಿತು. ಕಣ್ಣು ಬಿಟ್ಟು, ನಮ್ಮಿಬ್ಬರ ಮುಖ ನೋಡಿ, ಬಾಗಿ ನೆಲದ ಮೇಲಿನ ತಮ್ಮ ಹೆಜ್ಜೆ ಗುರುತುಗಳನ್ನು ನೋಡಿದರು. "ಅಯ್ಯೋ" ಎಂದರು, ಅಷ್ಟೇ.

"ಹೊಡಿ" ಎಂದಳು ಈರಕ್ಕ. "ಅಂಗಡೀಲಿ ಹೊಡೆದಂಗೆ ಹೊಡಿ. ಬಿತ್ತು ಅಂದ್ರೆ ಓರೆ ಇಲ್ಲ ಅಂತ ಖಾತ್ರಿ."

ಹಿಂದೆ ನಲವತ್ತು ಹೆಜ್ಜೆಗೆ ಹೋಗಿ ಕೂತು ಕಾದೆವು. ಹಕ್ಕಿಗಳು ಒಂದೊಂದಾಗಿ ಬಂದು ಕೂತವು. ವಾದಿರಾಜರು ಹೆಗಲ ವಸ್ತ್ರದ ಅಂಚನ್ನು ಬಾಯಿಗೆ ಹಿಡಿದಿದ್ದರು. ಓರೆಯನ್ನು ಮರೆತೆ, ಎರಡು ಮೊಳ, ಎರಡೂವರೆ ಮೊಳ ಎಲ್ಲವನ್ನೂ ಮರೆತೆ. ಹಕ್ಕಿಯನ್ನು ಬಲೂನು ಎಂದುಕೊಂಡು, ಅದರ ಎಡಕ್ಕೆ ಒಂದು ಮೊಳ ಖಾಲಿ ಕಲ್ಲಿಗೆ ಗುರಿಯಿಟ್ಟು ಕುದುರೆ ಎಳೆದೆ. ಪಾರಿವಾಳ ಒಂದು ಸಲ ರೆಕ್ಕೆ ಬಿಚ್ಚಿ ಬಂಡೆಯ ಬುಡಕ್ಕೆ ಬಿತ್ತು.

ನಾಲ್ಕು ದಿನದಿಂದ ಊಟ ಕಾಣದ ನಮ್ಮ ಮೂವರಲ್ಲಿ ಒಬ್ಬರೂ ಅದನ್ನು ತರಲು ಹೋಗಲಿಲ್ಲ. ವಾದಿರಾಜರು ಹೆಗಲ ಮೇಲಿನ ಬಿಳಿ ವಸ್ತ್ರವನ್ನು ಎಳೆದುಕೊಂಡು ಗಳದ ಕಡೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನೋಡಬೇಕಾಗಿತ್ತು. ದಾರಿಯಲ್ಲಿ ಎರಡು ಕಲ್ಲಿಗೆ ಎಡವಿದರು, ಎರಡೂ ಅವರ ಬಲಕ್ಕಿದ್ದವು. ಬಟ್ಟೆ ಮೇಲೇರಿ ಗಾಳಿಗೆ ಬಿಚ್ಚಿಕೊಂಡದ್ದೇ ತಡ, ಆಚೆ ದಡದಲ್ಲಿ ಜನ ಎದ್ದು ಕುಣಿದರು. ದೋಣಿ ಹೊರಟಿತು.

ಅದು ಬರುವಷ್ಟು ಹೊತ್ತು ನಾನು ಈರಕ್ಕನ ಪಕ್ಕ ಕೂತಿದ್ದೆ. ಏನಾದರೂ ಹೇಳಬೇಕು ಅನ್ನಿಸಿತು. ಹತ್ತನೆಯ ದಿನವೇ ನಿಜ ಹೇಳಿದ್ದರೆ ಹತ್ತನೆಯ ದಿನವೇ ಮನೆಯಲ್ಲಿರುತ್ತಿದ್ದೆವು ಎನ್ನುವುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಆ ಬಳೆ" ಎಂದು ಶುರು ಮಾಡಿದೆ. "ಬಳೆ ವಿಷ್ಯ ಈಗ ಎತ್ತಬ್ಯಾಡ" ಎಂದಳು. ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದಿರಲಿಲ್ಲ. ಮೂರು ದಿನವಾಗಿತ್ತು, ಒಳಗಿನಿಂದ ಏನೂ ಇರಲಿಲ್ಲ. ನನಗೆ ಅಳು ಬಂತು. ಅವಳೆದುರಿಗೆ ಅಳಲು ಹಕ್ಕಿಲ್ಲವೆಂದು ಎದ್ದು ಹೋಗಿ ನೀರಿನ ಹತ್ತಿರ ನಿಂತೆ.

ಬಡೇಸಾಬ್ ದೋಣಿಯನ್ನು ಮರಳಿಗೆ ತಾಗಿಸಿದವನೇ ಕೂಗಾಡಿದ. "ನಾಲ್ಕು ದಿನದಿಂದ ದಡದಾಗೆ ಕುಂತು ಗಂಟ್ಲು ಹರ್ಕಂತಿದೀನಿ! ನಮಗೆ ಬಿಟ್ಟಿದ್ದು ನಿಮಗೂ ಬಿಟ್ಟಿರ್ಬೇಕು ಅಂತ ಊರೇ ಅಂತಿತ್ತು. ಬಟ್ಟೆ ಯಾಕೆ ಏರಿಸ್ಲಿಲ್ಲ? ಮೋಜಣಿ ಸ್ವಾಮ್ಗಳು ಬೇರೆ ಜೊತೇಲಿ ಇದ್ರಿ!" ವಾದಿರಾಜರು ಅಳತೆಕೋಲನ್ನು ಕಂಕುಳಲ್ಲಿಟ್ಟುಕೊಂಡು ನೀರನ್ನು ನೋಡುತ್ತಾ ದೋಣಿ ಹತ್ತಿದರು. ಈರಕ್ಕನನ್ನು ಇಬ್ಬರೂ ಸೇರಿ ಎತ್ತಿ ಮುಂದಿನ ಹಲಗೆಯ ಮೇಲೆ ಕೂರಿಸಿದೆವು. ಬಡೇಸಾಬ್ ತನ್ನ ಬುತ್ತಿ ಬಿಚ್ಚಿ ಒಂದು ತುಂಡು ಬೆಲ್ಲವನ್ನೂ ತಂಬಿಗೆ ನೀರನ್ನೂ ಅವಳ ಕೈಗೆ ಕೊಟ್ಟ. ಅವಳು ಬೆಲ್ಲವನ್ನು ಕಚ್ಚಿ ನಿಧಾನವಾಗಿ ಚೀಪಿದಳು, ಎರಡು ಗುಟುಕು ನೀರು ಕುಡಿದಳು, ಕಣ್ಣು ಮುಚ್ಚಿದಳು. ಈ ಸಲ ಅವಳು ಕಕ್ಕಲಿಲ್ಲ.

ಬಂಡೆಗಳು ಕಂಡಲ್ಲೇ ಇದ್ದವು. ಬಡೇಸಾಬ್ ಅವುಗಳ ನಡುವೆ ದೋಣಿಯನ್ನು ಸಲೀಸಾಗಿ ನಡೆಸುತ್ತಿದ್ದ. ಆದರೂ ಪ್ರತಿ ಬಂಡೆ ಹತ್ತಿರ ಬಂದಾಗಲೂ ನನ್ನ ಮೈ ತಾನಾಗಿ ಒಂದು ಕಡೆಗೆ ವಾಲುತ್ತಿತ್ತು. ನಡು ಹೊಳೆ ದಾಟಿದ್ದೆವು. ಈರಕ್ಕ ಥಟ್ಟನೆ ಕಣ್ಣು ಬಿಟ್ಟಳು.

"ಒದೀತು" ಎಂದಳು.

ಹುಟ್ಟು ಹಾಕುತ್ತಿದ್ದ ಬಡೇಸಾಬ್ ಕೈ ನಿಲ್ಲಿಸಿದ. "ಒದೀತು ಕಣೋ! ಇಲ್ಲಿ. ಮತ್ತೆ ಒದೀತು, ಬಾ ನೋಡು" ಎಂದು ಅವಳು ಹೊಟ್ಟೆ ತೋರಿಸಿದಳು. ಅವಳ ಬಾಯಿ ಬೆಲ್ಲದಿಂದ ಅಂಟಾಗಿತ್ತು. ನಾನು ಎದ್ದ ರಭಸಕ್ಕೆ ದೋಣಿ ಓಲಾಡಿತು. ಮುಗ್ಗರಿಸಿ, ಮೊಣಕಾಲೂರಿ, ಅವಳು ತೋರಿಸಿದಲ್ಲಿಗೆ ಕೈ ಚಾಚಿದೆ. ನನ್ನ ಕೈ ಅವಳನ್ನು ದಾಟಿ ಹೋಗಿ ದೋಣಿಯ ಒದ್ದೆ ಅಂಚನ್ನು ಹಿಡಿಯಿತು. ಅವಳು ನಗಲಿಲ್ಲ, ಬೈಯಲೂ ಇಲ್ಲ. ನನ್ನ ಮಣಿಕಟ್ಟು ಹಿಡಿದು, ಒಂದು ಮೊಳ ಎಡಕ್ಕೆ ಎಳೆದು, ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.